ಸುಮ್ನೆ ಇನ್‌ಲೈನ್ ಅಂತ ಬರೆಯುತ್ತಿದ್ದ ದಿನಗಳು

ತಪ್ಪು ಹುಡುಕಲು ಮಾಡುವ ಡಿಬಗ್ ಬಿಲ್ಡ್ ಹಾಕಿದರೆ ಬೋರ್ಡ್ ಚೆನ್ನಾಗಿ ಓಡುತ್ತಿತ್ತು. ಆಪ್ಟಿಮೈಸೇಶನ್ (ಕೋಡನ್ನು ಚಿಕ್ಕದು, ಚುರುಕು ಮಾಡುವ ತಿದ್ದುಪಡಿ) ಆನ್ ಇರುವ ರಿಲೀಸ್ ಬಿಲ್ಡ್ ಹಾಕಿದರೆ ಮಾತ್ರ, ಸೆಟ್ಟಿಂಗ್ಸ್ ಉಳಿಸಲು ಹೋದ ಕೂಡಲೇ ಸ್ತಬ್ಧ. ಎಲ್‌ಇಡಿ ಮಿನುಗುವುದಿಲ್ಲ, ಸೀರಿಯಲ್ ಪೋರ್ಟಿನಲ್ಲಿ ಒಂದಕ್ಷರ ಬರುವುದಿಲ್ಲ. ಪ್ರಿಂಟ್ ಹಾಕಿ ನೋಡೋಣ ಅಂತ ಒಂದೆರಡು ಸಾಲು ಸೇರಿಸಿದರೆ ಮತ್ತೆ ಎಲ್ಲ ಸರಿ. ಈ ಥರದ ಕಾಯಿಲೆ ಅನುಭವಿಸಿದವರಿಗೇ ಗೊತ್ತು. ಹುಡುಕಲು ಹೋದಾಗ ಮಾಯ, ಬೆನ್ನು ತಿರುಗಿಸಿದಾಗ ಹಾಜರ್.

ಚಿಪ್ ಆರ್‌ಪಿ2040 ಅನ್ನುವ ಮೈಕ್ರೊಕಂಟ್ರೋಲರ್. ಇದರ ಒಳಗೆ ಫ್ಲ್ಯಾಷ್ (ಪವರ್ ಹೋದರೂ ಉಳಿಯುವ ಮೆಮೊರಿ) ಇಲ್ಲ. ಪ್ರೋಗ್ರಾಂ ಪಕ್ಕದ ಬೇರೊಂದು ಫ್ಲ್ಯಾಷ್ ಚಿಪ್ಪಿನಲ್ಲಿ ಕೂತಿರುತ್ತದೆ, ಪ್ರೊಸೆಸರ್ ಅಲ್ಲಿಂದಲೇ ಓದಿಕೊಂಡು ಓಡಿಸುತ್ತದೆ. ಆ ಫ್ಲ್ಯಾಷ್‌ನ ಒಂದು ತುಂಡನ್ನು ಅಳಿಸುತ್ತಿರುವಾಗ ಅದರಿಂದ ಏನನ್ನೂ ಓದಲಾಗುವುದಿಲ್ಲ. ಅಂದರೆ ಅಳಿಸುವ ಕೋಡೂ ಅದೇ ಫ್ಲ್ಯಾಷ್‌ನಲ್ಲಿದ್ದರೆ ಕೂತ ಕೊಂಬೆಯನ್ನೇ ಕಡಿದ ಹಾಗೆ. ಹಾಗಾಗಿ ಅಂಥ ಫಂಕ್ಷನ್‌ಗೆ (ಹೆಸರಿಟ್ಟು ಕರೆಯುವ ಕೋಡ್ ತುಂಡು) ಸೆಕ್ಷನ್ ಅಟ್ರಿಬ್ಯೂಟ್, ಅಂದರೆ ಮೆಮೊರಿಯ ಯಾವ ಭಾಗದಲ್ಲಿ ಇಡಬೇಕು ಅನ್ನುವ ಗುರುತು, ಹಾಕಿ ರ‍್ಯಾಮ್‌ನಲ್ಲಿ ಕೂರಿಸುತ್ತಾರೆ. ನಾನೂ ಹಾಕಿದ್ದೆ. (ಈ ಕೆಲಸಕ್ಕೆ ಸಿದ್ಧ ಲೈಬ್ರರಿ ಇದೆ. ಅದನ್ನು ಬಿಟ್ಟು ನಾನೇ ಬರೆಯಲು ಹೋಗಿದ್ದೆ. ಆ ಹುಮ್ಮಸ್ಸಿನ ಕಥೆ ಬೇರೆ.)

ಮೂರನೇ ದಿನ, ಕಂಪೈಲ್ ಆದ ತುಂಡುಗಳನ್ನು ಒಂದುಗೂಡಿಸುವ ಲಿಂಕರ್ ಕೊಡುವ ಮ್ಯಾಪ್ ಫೈಲ್ ತೆರೆದೆ, ಯಾವುದು ಎಲ್ಲಿ ಕೂತಿದೆ ಅನ್ನುವ ಪಟ್ಟಿ ಅದು. ನಾನು ರ‍್ಯಾಮ್‌ಗೆ ಅಂತ ಮಾಡಿಟ್ಟಿದ್ದ ಸೆಕ್ಷನ್‌ನ ಅಳತೆ ಸೊನ್ನೆ ಬೈಟ್. ನನ್ನ ಫಂಕ್ಷನ್ ಅಲ್ಲಿ ಇರಲೇ ಇಲ್ಲ. ಅದು ಸ್ಟ್ಯಾಟಿಕ್ (ಆ ಫೈಲ್‌ನ ಹೊರಗೆ ಕಾಣದ) ಫಂಕ್ಷನ್ ಆಗಿತ್ತು, ಒಂದೇ ಜಾಗದಿಂದ ಕರೆಯುತ್ತಿದ್ದೆ. ಸಿ ಕೋಡನ್ನು ಯಂತ್ರದ ಸೂಚನೆಗಳಾಗಿ ಬದಲಿಸುವ ಕಂಪೈಲರ್ ಅದನ್ನು ಎತ್ತಿ, ಕರೆಯುವ ಫಂಕ್ಷನ್ ಒಳಗೇ ಕರಗಿಸಿಬಿಟ್ಟಿತ್ತು. ಕರೆಯುವವನು ಇದ್ದದ್ದು ಫ್ಲ್ಯಾಷ್‌ನಲ್ಲಿ. ರ‍್ಯಾಮ್‌ನಲ್ಲಿರು ಅಂತ ಮೇಲೆ ಅಂಟಿಸಿದ್ದ ಚೀಟಿ ಫಂಕ್ಷನ್ ಜೊತೆಗೇ ಮಾಯವಾಗಿತ್ತು.

ಹೀಗೆ ಫಂಕ್ಷನ್ ಅನ್ನು ಕರೆಯುವವನ ಒಳಗೇ ಸೇರಿಸುವುದಕ್ಕೆ ಇನ್‌ಲೈನ್ ಮಾಡುವುದು ಅನ್ನುತ್ತಾರೆ, ಹಾಗೆ ಮಾಡು ಅಂತ ಕಂಪೈಲರ್‌ಗೆ ಹೇಳಲು ಸಿ ಭಾಷೆಯಲ್ಲಿ ಅದೇ ಹೆಸರಿನ ಪದ ಇದೆ. ನಾನು ಎಲ್ಲೂ ಇನ್‌ಲೈನ್ ಅಂತ ಬರೆದಿರಲಿಲ್ಲ. ಬರೆಯದೇ ಇದ್ದರೂ ಆಯಿತು. ಅಲ್ಲಿಯವರೆಗೆ ಆ ಪದವನ್ನು ಕಣ್ಣಿಗೆ ಬಿದ್ದ ಸಣ್ಣ ಫಂಕ್ಷನ್‌ಗೆಲ್ಲ ಅಂಟಿಸುತ್ತಿದ್ದವನು ನಾನೇ. ಯಾರಾದರೂ ಕೇಳಿದರೆ "ಸ್ಪೀಡ್‌ಗೆ" ಅನ್ನುತ್ತಿದ್ದೆ. ಎಷ್ಟು ಸ್ಪೀಡ್, ಯಾವಾಗ, ಯಾಕೆ ಅಂತ ಯಾರೂ ಮುಂದೆ ಕೇಳುತ್ತಿರಲಿಲ್ಲ, ಪುಣ್ಯಕ್ಕೆ.

ಈಗ ನನಗೆ ಅನ್ನಿಸುವುದು ಬೇರೆ. ಕೆಳಹಂತದ ಸಿ ಕೋಡಿನಲ್ಲಿ ಇನ್‌ಲೈನ್‌ಗೆ ಸ್ಪೀಡ್ ಕೊನೆಯ ಕಾರಣ. ಮೊದಲು ಕೇಳಬೇಕಾದದ್ದು ಇದು: ಈ ಫಂಕ್ಷನ್ ಬೇರೆಯಾಗಿ ಇರಬೇಕಾ, ಇರಬಾರದಾ? ಬೇರೆಯಾಗಿದ್ದರೆ ಅದಕ್ಕೊಂದು ವಿಳಾಸ ಇರುತ್ತದೆ, ತನ್ನದೇ ಸ್ಟ್ಯಾಕ್ ಫ್ರೇಮ್ (ಓಡುವಾಗ ಬಳಸುವ ತಾತ್ಕಾಲಿಕ ಮೆಮೊರಿ) ಇರುತ್ತದೆ, ಮೆಮೊರಿಯಲ್ಲಿ ಒಂದು ಜಾಗ ಇರುತ್ತದೆ. ಕರೆಯುವವನಿಗೂ ಅದಕ್ಕೂ ನಡುವೆ ಒಂದು ಗೋಡೆ ಇರುತ್ತದೆ. ಕೆಲವು ಸಲ ಆ ಗೋಡೆ ಬೇಕು. ಕೆಲವು ಸಲ ಅದು ಇದ್ದರೆ ಕೋಡ್ ತಪ್ಪಾಗುತ್ತದೆ. ಉಳಿದ ಬಹುಪಾಲು ಸಲ ಹೇಗಿದ್ದರೂ ನಡೆಯುತ್ತದೆ, ಅದನ್ನು ಕಂಪೈಲರ್‌ಗೆ ಬಿಡಬಹುದು.

ಬಿಡಬಹುದು ಅಂತ ಧೈರ್ಯವಾಗಿ ಹೇಳಲು ಕಾರಣ ಇದೆ. ಇನ್‌ಲೈನ್ ಅನ್ನುವುದು ಆಜ್ಞೆ ಅಲ್ಲ, ಸಲಹೆ. ಈ ಪದ ಸಿ ಭಾಷೆಯ ಸ್ಟ್ಯಾಂಡರ್ಡ್‌ಗೆ ಸೇರಿದ್ದು 1999ರಲ್ಲಿ, ಸಿ99ರ ಜೊತೆ. ಅದಕ್ಕೂ ಮೊದಲೇ ಜಿಸಿಸಿ ಅನ್ನುವ ಕಂಪೈಲರ್ ಇದನ್ನು ತನ್ನದೇ ರೀತಿಯಲ್ಲಿ ಕೊಟ್ಟಿತ್ತು. ಈ ಕರೆಯನ್ನು ಆದಷ್ಟು ಬೇಗ ಮುಗಿಸು ಅಂತ ಈ ಪದ ಸೂಚಿಸುತ್ತದೆ, ಕೇಳುವುದು ಬಿಡುವುದು ಕಂಪೈಲರ್‌ಗೆ ಬಿಟ್ಟದ್ದು. ಒಂದೇ ಕಡೆಯಿಂದ ಕರೆಯುವ ಸ್ಟ್ಯಾಟಿಕ್ ಫಂಕ್ಷನ್‌ಗಳನ್ನು ಜಿಸಿಸಿ ಮೈನಸ್ ಓ-1 ಅನ್ನುವ ಕೆಳಗಿನ ಆಪ್ಟಿಮೈಸೇಶನ್ ಮಟ್ಟದಲ್ಲೇ ಒಳಗೆ ಸೇರಿಸಲು ನೋಡುತ್ತದೆ. ಮೈನಸ್ ಓ-2ರಲ್ಲಿ ಸಣ್ಣವನ್ನೂ ಹೇಳದೆ ಕೇಳದೆ ಸೇರಿಸುತ್ತದೆ. ನಾನು ಬರೆದ ನೂರಾರು ಇನ್‌ಲೈನ್‌ಗಳಲ್ಲಿ ಎಷ್ಟೋ, ಅದು ಹೇಗೂ ಮಾಡುತ್ತಿದ್ದ ಕೆಲಸಕ್ಕೆ ನಾನು ಹಾಕಿದ ಸಹಿ ಅಷ್ಟೇ.

ಹಾಗಾದರೆ ಆ ಪದ ಏನನ್ನೂ ಮಾಡುವುದಿಲ್ಲವೇ? ಮಾಡುತ್ತದೆ, ಆದರೆ ನಾವು ಅಂದುಕೊಂಡ ಕಡೆ ಅಲ್ಲ. ಅದರ ಗಟ್ಟಿ ಪರಿಣಾಮ ಲಿಂಕರ್ ಮೇಲೆ. ಸಿ99 ಪ್ರಕಾರ ಹೆಡರ್‌ನಲ್ಲಿ (ಹಲವು ಸಿ ಫೈಲ್‌ಗಳು ಸೇರಿಸಿಕೊಳ್ಳುವ ಫೈಲ್) ಬರೀ ಇನ್‌ಲೈನ್ ಅಂತ ಫಂಕ್ಷನ್ ಬರೆದರೆ, ಹೊರಗಿನವರಿಗೆ ಕಾಣುವ ಪ್ರತಿ ಎಲ್ಲೂ ಹುಟ್ಟುವುದಿಲ್ಲ. ಯಾವುದಾದರೂ ಒಂದೇ ಒಂದು ಸಿ ಫೈಲ್‌ನಲ್ಲಿ ಎಕ್ಸ್‌ಟರ್ನ್ ಇನ್‌ಲೈನ್ ಅಂತ ಘೋಷಿಸಿದರೆ ಆ ಪ್ರತಿ ಅಲ್ಲಿ ಹುಟ್ಟುತ್ತದೆ. ಇದನ್ನು ಮರೆತರೂ ಆಪ್ಟಿಮೈಸೇಶನ್ ಆನ್ ಇರುವಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ, ಕರೆಗಳೆಲ್ಲ ಒಳಗೆ ಸೇರಿಹೋಗಿರುತ್ತವಲ್ಲ. ಆಫ್ ಮಾಡಿದ ದಿನ "ಅನ್‌ಡಿಫೈನ್ಡ್ ರೆಫರೆನ್ಸ್" ಅಂತ ಲಿಂಕರ್ ಕೂಗಿಕೊಳ್ಳುತ್ತದೆ. ತಮಾಷೆ ಅಂದರೆ ಜಿಸಿಸಿಯ ಹಳೆಯ ಪದ್ಧತಿಯಲ್ಲಿ ಅರ್ಥ ಸರಿಯಾಗಿ ಉಲ್ಟಾ. ಅಲ್ಲಿ ಬರೀ ಇನ್‌ಲೈನ್ ಅಂದರೆ ಹೊರಗಿನ ಪ್ರತಿ ಹುಟ್ಟುತ್ತದೆ, ಎಕ್ಸ್‌ಟರ್ನ್ ಇನ್‌ಲೈನ್ ಅಂದರೆ ಹುಟ್ಟುವುದಿಲ್ಲ. 2015ರಲ್ಲಿ ಬಂದ ಜಿಸಿಸಿ 5 ತನ್ನ ಡೀಫಾಲ್ಟ್ ಅನ್ನು ಹಳೆಯ ಪದ್ಧತಿಯ ಗ್ನೂ89ರಿಂದ ಸಿ99ರ ಅರ್ಥವನ್ನು ಪಾಲಿಸುವ ಗ್ನೂ11ಕ್ಕೆ ಬದಲಿಸಿತು. ಅದುವರೆಗೆ ತೆಪ್ಪಗಿದ್ದ ಹಳೆಯ ಕೋಡ್‌ಗಳು ಒಂದೊಂದಾಗಿ ಲಿಂಕ್ ಆಗದೆ ಮುಷ್ಕರ ಹೂಡಿದವು.

ಈ ಗೋಜಲಿಗೆ ಸಿಕ್ಕಿಕೊಳ್ಳದಿರಲು ಎಲ್ಲರೂ ಹಿಡಿದ ದಾರಿ ಸ್ಟ್ಯಾಟಿಕ್ ಇನ್‌ಲೈನ್. ಹೆಡರ್‌ನಲ್ಲಿ ಹಾಗೆ ಬರೆದರೆ ಯಾವ ಕಂಪೈಲರ್ ಆದರೂ ಗಲಾಟೆ ಇಲ್ಲ. ನಾನೂ ಅದನ್ನೇ ಬಳಸುತ್ತೇನೆ. ಆದರೆ ಅದಕ್ಕೂ ಒಂದು ಬಾಲ ಇದೆ. ಕಂಪೈಲರ್ ಒಳಗೆ ಸೇರಿಸದೇ ಹೋದರೆ ಪ್ರತಿ ಸಿ ಫೈಲ್‌ಗೂ ಒಂದೊಂದು ಪ್ರತಿ ಹುಟ್ಟುತ್ತದೆ. ಅದರ ಒಳಗೆ ಸ್ಟ್ಯಾಟಿಕ್ ಕೌಂಟರ್ ಏನಾದರೂ ಇಟ್ಟಿದ್ದರೆ, ಒಳಗೆ ಸೇರಲಿ ಬಿಡಲಿ, ಫೈಲ್‌ಗೊಂದು ಕೌಂಟರ್. ನಾನೊಮ್ಮೆ ಎರರ್ ಎಣಿಸಲು ಹೀಗೆ ಇಟ್ಟು, ಲೆಕ್ಕ ಯಾಕೆ ತಾಳೆ ಆಗುತ್ತಿಲ್ಲ ಅಂತ ಒಂದು ಮಧ್ಯಾಹ್ನ ಪೂರ್ತಿ ತಲೆ ಕೆರೆದುಕೊಂಡಿದ್ದೆ.

ಇನ್ನು ನಿಜವಾಗಿ ಬೇಕಾಗುವ ಜಾಗಗಳ ವಿಷಯ. ಎಲ್ಲರಿಗೂ ಗೊತ್ತಿರುವುದು ಹಾರ್ಡ್‌ವೇರ್ ನಿಯಂತ್ರಿಸುವ ರಿಜಿಸ್ಟರ್‌ಗೆ ಒಂದು ಮೌಲ್ಯ ಬರೆಯುವಂಥ ಫಂಕ್ಷನ್. ಒಳಗಿರುವುದು ಒಂದೇ ಸ್ಟೋರ್, ಅಂದರೆ ಬರೆಯುವ ಸೂಚನೆ. ಅದನ್ನು ಕರೆಯುವ ಸೂಚನೆಯೇ ಕಾರ್ಟೆಕ್ಸ್-ಎಮ್ ಪ್ರೊಸೆಸರ್‌ಗಳಲ್ಲಿ 4 ಬೈಟ್. ಕರೆಯುವುದೇ ಕೆಲಸಕ್ಕಿಂತ ದೊಡ್ಡದಾಗುತ್ತದೆ. ಇಲ್ಲಿ ಇನ್‌ಲೈನ್ ಮಾಡಿದರೆ ಕೋಡ್ ಬೆಳೆಯುವ ಬದಲು ಚಿಕ್ಕದಾಗುತ್ತದೆ. ಹಿಂದೆ ಇದಕ್ಕೆಲ್ಲ ಮ್ಯಾಕ್ರೋ (ಕಂಪೈಲ್‌ಗೆ ಮೊದಲೇ ಕೊಟ್ಟದ್ದನ್ನು ಹಾಗೇ ನಕಲು ಮಾಡಿ ಹಾಕುವ ತುಣುಕು) ಬರೆಯುತ್ತಿದ್ದರು. ಎರಡರಲ್ಲಿ ದೊಡ್ಡದನ್ನು ಕೊಡುವ ಮ್ಯಾಕ್ರೋಗೆ ಐ ಪ್ಲಸ್ ಪ್ಲಸ್ (ಐ ಅನ್ನು ಒಂದು ಏರಿಸು) ಕೊಟ್ಟು, ಐ ಎರಡು ಸಲ ಏರಿದ್ದನ್ನು ನೋಡಿದವರು ಸ್ಟ್ಯಾಟಿಕ್ ಇನ್‌ಲೈನ್‌ಗೆ ತಾವಾಗಿಯೇ ಬರುತ್ತಾರೆ. ಈ ವಿಷಯ ಇಷ್ಟು ಸಾಕು.

ಇದಕ್ಕಿಂತ ಸ್ವಾರಸ್ಯ ಇರುವುದು ಕಾನ್‌ಸ್ಟಂಟ್‌ಗಳಲ್ಲಿ, ಅಂದರೆ ಬದಲಾಗದ ಮೌಲ್ಯಗಳಲ್ಲಿ. ಎವಿಆರ್ ಅನ್ನುವ ಪುಟ್ಟ ಮೈಕ್ರೊಕಂಟ್ರೋಲರ್ ಕುಟುಂಬದ ಚಿಪ್ ತೆಗೆದುಕೊಳ್ಳಿ, ಎಟಿಮೆಗಾ328ಪಿ ಅನ್ನಿ. ಪೋರ್ಟ್‌ನ (ಪಿನ್‌ಗಳ ಗುಂಪು) ಒಂದು ಬಿಟ್ ಅನ್ನು 1 ಮಾಡಲು ಅದರಲ್ಲಿ ಎಸ್‌ಬಿಐ ಅನ್ನುವ ಒಂದೇ ಸೂಚನೆ ಇದೆ. 2 ಬೈಟ್, 2 ಸೈಕಲ್. ಆದರೆ ಯಾವ ಪೋರ್ಟ್, ಎಷ್ಟನೇ ಬಿಟ್ ಅನ್ನುವುದು ಆ ಸೂಚನೆಯ ಒಳಗೇ ಅಚ್ಚಾಗಿರಬೇಕು. ಅಂದರೆ ಕಂಪೈಲ್ ಮಾಡುವಾಗಲೇ ಗೊತ್ತಿರಬೇಕು. ಪಿನ್ ನಂಬರ್ ಅನ್ನು ಆರ್ಗ್ಯುಮೆಂಟ್ ಆಗಿ ತೆಗೆದುಕೊಳ್ಳುವ ಫಂಕ್ಷನ್ ಬೇರೆಯಾಗಿ ನಿಂತರೆ ಅದಕ್ಕೆ ಪಿನ್ ಯಾವುದೆಂದು ಮೊದಲೇ ಗೊತ್ತಿಲ್ಲ. ವಿಳಾಸ ಹುಡುಕಬೇಕು, ಬಿಟ್ ಶಿಫ್ಟ್ ಮಾಡಬೇಕು, ಓದಬೇಕು, ಸೇರಿಸಬೇಕು, ಮತ್ತೆ ಬರೆಯಬೇಕು. ಈ ಓದುವ ಮತ್ತು ಬರೆಯುವ ನಡುವೆ ಇಂಟರಪ್ಟ್ (ನಡೆಯುತ್ತಿರುವ ಕೆಲಸ ನಿಲ್ಲಿಸಿ ನುಗ್ಗುವ ತುರ್ತು ಕರೆ) ಬಂದು ಅದೇ ಪೋರ್ಟ್ ಮುಟ್ಟಿದರೆ ಆ ಬದಲಾವಣೆ ಕಳೆದುಹೋಗುತ್ತದೆ. ಇನ್‌ಲೈನ್ ಆಗಿ ಪಿನ್ ನಂಬರ್ ಕಾನ್‌ಸ್ಟಂಟ್ ಆದ ಕೂಡಲೇ ಇವೆಲ್ಲ ಆ ಒಂದು ಎಸ್‌ಬಿಐ ಆಗಿ ಕುಗ್ಗುತ್ತದೆ, ನಡುವೆ ನುಗ್ಗಲು ಜಾಗವೇ ಇರುವುದಿಲ್ಲ. ಇದನ್ನು ಬರೀ ಸ್ಪೀಡ್ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಅದೇ ಎವಿಆರ್‌ನ ಲೈಬ್ರರಿಯಲ್ಲಿ ಇಷ್ಟು ಮೈಕ್ರೊಸೆಕೆಂಡ್ ಕಾಯಿ ಅನ್ನುವ ಫಂಕ್ಷನ್ ಇದೆ. ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕವನ್ನು ಅದು ದಶಮಾಂಶ ಸಂಖ್ಯೆಗಳಲ್ಲಿ ಮಾಡುತ್ತದೆ. ಆ ಚಿಪ್ಪಿಗೆ ದಶಮಾಂಶ ಲೆಕ್ಕದ ಹಾರ್ಡ್‌ವೇರ್ ಇಲ್ಲ. ಆದರೂ ನಡೆಯುತ್ತದೆ, ಯಾಕೆಂದರೆ ಆ ಲೆಕ್ಕ ಚಿಪ್ಪಿನಲ್ಲಿ ಆಗುವುದೇ ಇಲ್ಲ. ಕಂಪೈಲರ್ ಒಳಗೇ ಮುಗಿದು, ಬೈನರಿಗೆ ಬರುವುದು ಒಂದು ಪುಟ್ಟ ಲೂಪ್ ಮಾತ್ರ. ಆಪ್ಟಿಮೈಸೇಶನ್ ಆಫ್ ಮಾಡಿ ನೋಡಿ. ದಶಮಾಂಶ ಲೆಕ್ಕದ ಕೋಡ್ ಎಲ್ಲ ಬೈನರಿಗೆ ಬಂದು ಕೂರುತ್ತದೆ, ಕಾಯುವ ಹೊತ್ತು ಹೇಳಿದ್ದಕ್ಕಿಂತ ತುಂಬಾ ಜಾಸ್ತಿ ಆಗುತ್ತದೆ. ಇಂಥ ಫಂಕ್ಷನ್‌ಗೆ ಒಳಗೆ ಸೇರುವುದೇ ಬದುಕು. ಇಲ್ಲಿ ಆಲ್ವೇಸ್ ಇನ್‌ಲೈನ್ ಅಟ್ರಿಬ್ಯೂಟ್ ಸರಿ. ಅದು ಸಲಹೆ ಅಲ್ಲ, ಆಜ್ಞೆ. ಪಾಲಿಸಲು ಆಗದಿದ್ದರೆ ಜಿಸಿಸಿ ಎರರ್ ಕೊಟ್ಟು ನಿಲ್ಲುತ್ತದೆ.

ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲೂ ಇದೇ ತರ್ಕ ಕಾಣುತ್ತದೆ. ಅವರ ಕೋಡಿಂಗ್ ಸ್ಟೈಲ್ ದಾಖಲೆಯಲ್ಲಿ ಕಂಡಲ್ಲೆಲ್ಲ ಇನ್‌ಲೈನ್ ಹಾಕುವ ಅಭ್ಯಾಸಕ್ಕೆ ರೋಗ ಅಂತಲೇ ಹೆಸರಿಟ್ಟಿದ್ದಾರೆ. ಮೂರು ಸಾಲಿಗಿಂತ ದೊಡ್ಡ ಫಂಕ್ಷನ್‌ಗೆ ಇನ್‌ಲೈನ್ ಹಾಕಬೇಡಿ ಅನ್ನುವುದು ಅಲ್ಲಿನ ಅಂದಾಜು ನಿಯಮ. ವಿನಾಯಿತಿ ಕೊಡುವುದು ಆರ್ಗ್ಯುಮೆಂಟ್ ಕಂಪೈಲ್ ಸಮಯದಲ್ಲೇ ಗೊತ್ತಿದ್ದು, ಫಂಕ್ಷನ್‌ನ ಬಹುಭಾಗ ಅದರಿಂದ ಕರಗಿಹೋಗುವ ಸಂದರ್ಭಕ್ಕೆ. ಮೆಮೊರಿ ಕೇಳುವ ಕೆಮ್ಯಾಲಕ್ ಅದಕ್ಕೆ ಅವರು ಕೊಡುವ ಉದಾಹರಣೆ. ಎಷ್ಟು ಬೈಟ್ ಬೇಕು ಅನ್ನುವುದು ಕಾನ್‌ಸ್ಟಂಟ್ ಆಗಿದ್ದರೆ, ಯಾವ ಅಳತೆಯ ಗುಂಪಿನಿಂದ ಕೊಡಬೇಕು ಅನ್ನುವ ತೀರ್ಮಾನ ಕಂಪೈಲ್ ಮಾಡುವಾಗಲೇ ಮುಗಿಯುತ್ತದೆ.

ಇಂಟರಪ್ಟ್ ಬಂದಾಗ ಓಡುವ ಫಂಕ್ಷನ್, ಅಂದರೆ ಇಂಟರಪ್ಟ್ ಹ್ಯಾಂಡ್ಲರ್, ಇನ್ನೊಂದು ಜಾಗ. ಇದನ್ನು ನಾನು ಡಿಸ್‌ಅಸೆಂಬ್ಲಿ (ಬೈನರಿಯಲ್ಲಿರುವ ಸೂಚನೆಗಳ ಪಟ್ಟಿ) ನೋಡುವವರೆಗೂ ನಂಬಿರಲಿಲ್ಲ. ಎವಿಆರ್‌ನಲ್ಲಿ ಹ್ಯಾಂಡ್ಲರ್ ಬೇರೆ ಯಾರನ್ನೂ ಕರೆಯದಿದ್ದರೆ, ತಾನು ಬಳಸುವ ಪ್ರೊಸೆಸರ್ ರಿಜಿಸ್ಟರ್‌ಗಳನ್ನಷ್ಟೇ ಕಾಪಾಡಿಕೊಂಡರೆ ಸಾಕು. ಒಂದೇ ಒಂದು ಫಂಕ್ಷನ್ ಕರೆದರೂ ಆಟ ಬದಲು. ಕರೆಸಿಕೊಂಡವನು ಯಾವ ಯಾವುದನ್ನು ಕೆಡಿಸುತ್ತಾನೋ ಅಂತ, ಕೆಡಿಸಲು ಅನುಮತಿ ಇರುವ 12 ರಿಜಿಸ್ಟರ್‌ಗಳನ್ನೂ ಸ್ಟ್ಯಾಕ್‌ಗೆ ತಳ್ಳಿ, ಹೊರಡುವಾಗ ಎಲ್ಲವನ್ನೂ ವಾಪಸ್ ತೆಗೆಯಬೇಕು. ಒಂದನ್ನು ತಳ್ಳಲು 2 ಸೈಕಲ್, ತೆಗೆಯಲು 2 ಸೈಕಲ್. ಒಟ್ಟು 48. ಚಿಪ್ 16 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದ್ದರೆ 3 ಮೈಕ್ರೊಸೆಕೆಂಡ್. ಒಳಗಿನ ಫಂಕ್ಷನ್ ಮಾಡುತ್ತಿದ್ದುದು ಒಂದು ಕೌಂಟರ್ ಏರಿಸುವ ಕೆಲಸ! ಕರೆಯುವ ಸೂಚನೆಯ ಖರ್ಚನ್ನು ಮಾತ್ರ ಲೆಕ್ಕ ಹಾಕಿದವರಿಗೆ ಇದು ಕಾಣುವುದೇ ಇಲ್ಲ. ಅದು ಕೂತಿರುವುದು ಹ್ಯಾಂಡ್ಲರ್‌ನ ತಲೆ ಮತ್ತು ಬಾಲದಲ್ಲಿ.

ಸಮಯವನ್ನು ಸೈಕಲ್ ಲೆಕ್ಕದಲ್ಲಿ ಎಣಿಸುವ ಕೋಡ್‌ಗೂ ಇದು ಅನ್ವಯ. ಡಬ್ಲ್ಯೂಎಸ್2812 ಎಲ್‌ಇಡಿಗಳಿಗೆ ಒಂದು ಬಿಟ್ ಕಳಿಸಲು ಸುಮಾರು 1.25 ಮೈಕ್ರೊಸೆಕೆಂಡ್. 16 ಮೆಗಾಹರ್ಟ್ಸ್‌ನಲ್ಲಿ ಅದು 20 ಸೈಕಲ್. ಫಂಕ್ಷನ್ ಕರೆದು ಹೋಗಿ ಬರಲು 4 ಮತ್ತು 4 ಸೈಕಲ್ ಖರ್ಚಾದರೆ ಉಳಿಯುವುದು 12. ನಿಜ ಹೇಳಬೇಕೆಂದರೆ ಇಂಥದ್ದಕ್ಕೆ ನಾನು ಈಗ ಸಿ ನಂಬುವುದಿಲ್ಲ, ಆ ಲೂಪ್ ಅನ್ನು ಅಸೆಂಬ್ಲಿಯಲ್ಲೇ (ಒಂದೊಂದು ಸೂಚನೆಯನ್ನೂ ಕೈಯಾರೆ) ಬರೆಯುತ್ತೇನೆ. ಕಂಪೈಲರ್‌ನ ಮುಂದಿನ ವರ್ಶನ್ ಮನಸ್ಸು ಬದಲಿಸಿದರೆ ಯಾರು ಹೊಣೆ?

ಅಸೆಂಬ್ಲಿ ಅಂದಾಗ ಒಂದು ಮಾತು. ಸಿ ಒಳಗೆ ಬರೆದ ಅಸೆಂಬ್ಲಿ ತುಣುಕು ಎಷ್ಟು ದೊಡ್ಡದು ಅಂತ ಜಿಸಿಸಿಗೆ ಗೊತ್ತಾಗುವುದಿಲ್ಲ. ಸಾಲುಗಳನ್ನು ಎಣಿಸಿ ಅಂದಾಜು ಮಾಡುತ್ತದೆ. ಬೇರೆ ಸೆಕ್ಷನ್‌ಗೆ ಹೋಗುವ ಟೇಬಲ್ ಸಾಲುಗಳನ್ನೂ ಸೇರಿಸಿ ಎಣಿಸುವುದರಿಂದ, ನಿಜವಾಗಿ ಒಂದೇ ಸೂಚನೆ ಇರುವ ಫಂಕ್ಷನ್ ಕೂಡ ಅದರ ಕಣ್ಣಿಗೆ ದೈತ್ಯ. ಒಳಗೆ ಸೇರಿಸಲು ಹಿಂಜರಿಯುತ್ತದೆ. ಕರ್ನಲ್‌ನವರಿಗೆ ಇದೇ ತಲೆನೋವಾಗಿ, ಜಿಸಿಸಿ 9ರಲ್ಲಿ ಅಸೆಂಬ್ಲಿ ತುಣುಕಿನ ಮುಂದೆಯೂ ಇನ್‌ಲೈನ್ ಅಂತ ಬರೆಯುವ ಸೌಲಭ್ಯ ಬಂತು. ಇದು ಚಿಕ್ಕದು ಅಂತ ತಿಳಿ ಅನ್ನುವುದು ಅದರ ಅರ್ಥ.

ಬೇಡದ ಕಡೆ ಹಾಕಿದರೆ ಏನು ನಷ್ಟ? ಕೋಡ್ ದಪ್ಪ ಆಗುತ್ತದೆ, ಕ್ಯಾಶ್ (ಪ್ರೊಸೆಸರ್ ಪಕ್ಕದ ವೇಗದ ಪುಟ್ಟ ಮೆಮೊರಿ) ತುಂಬುತ್ತದೆ ಅನ್ನುವುದು ಮಾಮೂಲಿ ಉತ್ತರ. ನಿಜವೇ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಸ್ಟ್ಯಾಕ್. ಎರರ್ ಆದಾಗ ಮಾತ್ರ ಓಡುವ ಒಂದು ಲಾಗ್ ಫಂಕ್ಷನ್ ಇತ್ತು, ಅದರಲ್ಲಿ 256 ಬೈಟ್‌ನ ಬಫರ್. ಅದು ಮೇನ್ ಲೂಪ್‌ನ ಫಂಕ್ಷನ್ ಒಳಗೆ ಸೇರಿಹೋಯಿತು. ಆಮೇಲೆ ಎರರ್ ಆಗಲಿ ಬಿಡಲಿ, ಆ 256 ಬೈಟ್ ಬಾಗಿಲಲ್ಲೇ ಎತ್ತಿಟ್ಟ ಹಾಗೆ. ಅದರ ಕೆಳಗೆ ಕರೆಯುವ ಎಲ್ಲರೂ ಆ ಹೊರೆಯ ಕೆಳಗೇ ಓಡಬೇಕು. ಒಟ್ಟು ರ‍್ಯಾಮ್ 2 ಕಿಲೋಬೈಟ್ ಇರುವ ಚಿಪ್ಪಿನಲ್ಲಿ ಇದು ಎಂಟರಲ್ಲಿ ಒಂದು ಪಾಲು. ಕರ್ನಲ್‌ನಲ್ಲಿ ಈ ಕಾರಣಕ್ಕೇ ನೋಇನ್‌ಲೈನ್ ಫಾರ್ ಸ್ಟ್ಯಾಕ್ ಅನ್ನುವ ಗುರುತು ಇದೆ. ಕೆಲಸ ನೋಇನ್‌ಲೈನ್‌ನದ್ದೇ (ಒಳಗೆ ಸೇರಿಸಬೇಡ ಅನ್ನುವ ಆಜ್ಞೆ), ಯಾಕೆ ಹಾಕಿದ್ದೇವೆ ಅನ್ನುವುದು ಹೆಸರಲ್ಲೇ ಇದೆ. ಆ ಜಾಣತನ ನನಗೆ ಇಷ್ಟ.

ಇನ್ನೊಂದು ಪೆಟ್ಟು ಗೋಡೆ ಬಿದ್ದಾಗ ಆದದ್ದು. ಡೇಟಾ ಬಂತಾ ಅಂತ ಹೇಳುವ ಪುಟ್ಟ ಫಂಕ್ಷನ್ ಬೇರೆ ಫೈಲ್‌ನಲ್ಲಿತ್ತು. ಅದು ಓದುತ್ತಿದ್ದುದು ಇಂಟರಪ್ಟ್ ಬದಲಿಸುವ ಒಂದು ಫ್ಲ್ಯಾಗ್. ಮೇನ್ ಲೂಪ್ ಅದನ್ನು ಮತ್ತೆ ಮತ್ತೆ ಕರೆದು ಕಾಯುತ್ತಿತ್ತು. ವರ್ಷಗಟ್ಟಲೆ ಓಡಿದ ಕೋಡ್. ಒಂದು ದಿನ ಬೈನರಿ ಚಿಕ್ಕದು ಮಾಡಲು ಲಿಂಕ್ ಸಮಯದ ಆಪ್ಟಿಮೈಸೇಶನ್ ಆನ್ ಮಾಡಿದೆವು. ಕಂಪೈಲರ್‌ಗೆ ಈಗ ಎಲ್ಲ ಫೈಲ್‌ಗಳ ಒಳಗೂ ಕಾಣುತ್ತದೆ. ಆ ಫಂಕ್ಷನ್ ಅನ್ನು ಲೂಪ್ ಒಳಗೆ ಸೇರಿಸಿತು. ಲೂಪ್‌ನಲ್ಲಿ ಯಾರೂ ಈ ಫ್ಲ್ಯಾಗ್ ಬದಲಿಸುತ್ತಿಲ್ಲವಲ್ಲ ಅಂತ ಒಂದೇ ಸಲ ಓದಿ, ಆಮೇಲೆ ಸುಮ್ಮನೆ ಸುತ್ತತೊಡಗಿತು. ಶಾಶ್ವತವಾಗಿ. ಫ್ಲ್ಯಾಗ್‌ಗೆ ವೊಲಟೈಲ್ (ಪ್ರತಿ ಸಲವೂ ಮೆಮೊರಿಯಿಂದಲೇ ಓದು) ಅಂತ ಬರೆಯುವುದನ್ನು ಮರೆತಿದ್ದೆವು. ಒಳಗೆ ಏನಿದೆ ಅಂತ ಕಾಣದ ಫಂಕ್ಷನ್ ಅನ್ನು ಕರೆದಾಗ ಕಂಪೈಲರ್ ಎಲ್ಲ ಗ್ಲೋಬಲ್‌ಗಳೂ ಬದಲಾಗಿರಬಹುದು ಅಂತ ಎಚ್ಚರ ವಹಿಸುತ್ತದೆ. ಅಷ್ಟು ವರ್ಷ ನಮ್ಮ ತಪ್ಪನ್ನು ಮುಚ್ಚಿಟ್ಟಿದ್ದು ಆ ಎಚ್ಚರ. ಹೆಡರ್‌ಗೆ ಸರಿಸಿ ಇನ್‌ಲೈನ್ ಮಾಡಿದ್ದರೂ ಇದೇ ಆಗುತ್ತಿತ್ತು.

ಜೊತೆ ಕೆಲಸ ಮಾಡುವ ಹುಡುಗನೊಬ್ಬ ಮೊನ್ನೆ ಕೇಳಿದ, "ಸರ್, ಹಾಗಾದ್ರೆ ಲೈಬ್ರರಿ ಹೆಡರ್‌ನಲ್ಲೂ ಸ್ಟ್ಯಾಟಿಕ್ ಇನ್‌ಲೈನ್ ಬರೀಬಾರ್ದಾ?" ಬರೆಯಬಹುದು, ಆದರೆ ಅದು ನಿನ್ನ ಕೈ ತಪ್ಪುತ್ತದೆ ಅಂದೆ. ಹೆಡರ್‌ನಲ್ಲಿದ್ದ ಫಂಕ್ಷನ್ ಬಳಸಿದವರ ಬೈನರಿಯೊಳಗೆ ಹೋಗಿ ಕೂತಿರುತ್ತದೆ. ನಾಳೆ ಅದರಲ್ಲಿ ತಪ್ಪು ಸಿಕ್ಕಿದರೆ, ಲೈಬ್ರರಿ ಒಂದನ್ನು ಬದಲಿಸಿದರೆ ಆಗಲಿಲ್ಲ. ಅದನ್ನು ಸೇರಿಸಿಕೊಂಡ ಎಲ್ಲರೂ ಮತ್ತೆ ಕಂಪೈಲ್ ಮಾಡಬೇಕು. "ಎಲ್ಲರೂ ಅಂದ್ರೆ ಯಾರ್ಯಾರು ಅಂತ ಗೊತ್ತಿರುತ್ತಾ ಸರ್?" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಫ್ಲ್ಯಾಷ್ ಅಳಿಸುವ ಫಂಕ್ಷನ್‌ಗೆ ಕೊನೆಗೆ ನೋಇನ್‌ಲೈನ್ ಹಾಕಿದೆ. ಆಮೇಲೆ ನೋಡಿದರೆ ಆ ಚಿಪ್ಪಿನ ಜೊತೆ ಬರುವ ಲೈಬ್ರರಿಯಲ್ಲೇ, ಫ್ಲ್ಯಾಷ್‌ನಲ್ಲಿ ಇಡಬೇಡ, ಒಳಗೂ ಸೇರಿಸಬೇಡ ಅಂತ ಒಟ್ಟಿಗೆ ಹೇಳುವ ಮ್ಯಾಕ್ರೋ ಇದೆ. ನನಗಿಂತ ಮೊದಲು ಯಾರೋ ಇದೇ ಗುಂಡಿಗೆ ಬಿದ್ದಿರಬೇಕು. ಆದರೆ ಅದೇ ಫಂಕ್ಷನ್ ಕರೆಯುವ ಎರಡು ಪುಟ್ಟ ಸಹಾಯಕರಿಗೆ ಆಲ್ವೇಸ್ ಇನ್‌ಲೈನ್ ಹಾಕಬೇಕಾಯಿತು. ಅವು ಒಳಗೆ ಸೇರದೆ ಫ್ಲ್ಯಾಷ್‌ನಲ್ಲೇ ಉಳಿದರೆ ಮತ್ತೆ ಅದೇ ಕಥೆ ಅಲ್ವಾ. ಪಕ್ಕಪಕ್ಕದಲ್ಲಿ ಒಂದಕ್ಕೆ ಸೇರಲೇಬೇಡ, ಇನ್ನೆರಡಕ್ಕೆ ಸೇರಲೇಬೇಕು. ಮೂರಕ್ಕೂ ಸ್ಪೀಡ್‌ಗೂ ಸಂಬಂಧ ಇಲ್ಲ.

ಹೋದ ವಾರ ನಾನೇ ಹಿಂದೆ ಬರೆದ ಒಂದು ಎವಿಆರ್ ಡ್ರೈವರ್ ತೆರೆದೆ. ಹದಿನಾಲ್ಕು ಸ್ಟ್ಯಾಟಿಕ್ ಇನ್‌ಲೈನ್ ಇದ್ದವು. ಹದಿನಾಲ್ಕರಿಂದಲೂ ಇನ್‌ಲೈನ್ ಪದ ಅಳಿಸಿ ಮತ್ತೆ ಕಂಪೈಲ್ ಮಾಡಿ, ಎರಡೂ ಡಿಸ್‌ಅಸೆಂಬ್ಲಿಗಳನ್ನು ಪಕ್ಕದಲ್ಲಿಟ್ಟು ನೋಡಿದೆ. ಹದಿಮೂರರಲ್ಲಿ ಒಂದು ಬೈಟೂ ವ್ಯತ್ಯಾಸ ಇಲ್ಲ. ಉಳಿದ ಒಂದನ್ನು ಮೂರು ಕಡೆಯಿಂದ ಕರೆಯುತ್ತಿದ್ದೆ, ಅದರಲ್ಲೊಂದು ಇಂಟರಪ್ಟ್ ಹ್ಯಾಂಡ್ಲರ್. ಅದು ಬೇರೆ ಫಂಕ್ಷನ್ ಆಗಿ ಎದ್ದು ನಿಂತಿತ್ತು, ಹ್ಯಾಂಡ್ಲರ್‌ನ ತಲೆಯಲ್ಲಿ ಪುಶ್‌ಗಳ (ಸ್ಟ್ಯಾಕ್‌ಗೆ ತಳ್ಳುವ ಸೂಚನೆಗಳ) ಸಾಲು ಉದ್ದವಾಗಿತ್ತು. ಆ ಒಂದಕ್ಕೆ ಆಲ್ವೇಸ್ ಇನ್‌ಲೈನ್ ಹಾಕಿ, ಮೇಲೆ ಕಾಮೆಂಟ್ ಬರೆದೆ: ಇದನ್ನು ಇಂಟರಪ್ಟ್‌ನಿಂದ ಕರೆಯುತ್ತೇವೆ, ತೆಗೆಯಬೇಡಿ.